ಅತಿಥಿಗಳ್ಳಿಯ ಗುಡ್ಡ

ಅಲ್ಬೇನಿಯಾದ ಬೆಟ್ಟಸೀಮೆಯಲ್ಲಿರುವ ನಮ್ಮ ಗುರೇಷ್ ಹಳ್ಳಿಯ ಬೆನ್ನಿಗೆ ಒಂದು ಗುಡ್ಡವಿದೆ. ಗುಡ್ಡವೆಂದರೆ ಅಂಥ ಗುಡ್ಡವೇನಲ್ಲ. ಹತ್ತುವವನಿಗೆ ಏದುಸಿರು ಬರುವಷ್ಟರಲ್ಲಿ ಮುಗಿದುಹೋಗುತ್ತದೆ. ನಾಲ್ಕಾರು ಓಕ್ ಮರಗಳು, ಕುರಿ ಮೇಯ್ದು ಬೋಳಾದ ಇಳಿಜಾರು, ನೆತ್ತಿಯ ಮೇಲೆ ಯಾವಾಗಲೂ ಒಂದಿಷ್ಟು ಗಾಳಿ. ಬಸ್ಸಿನಿಂದಿಳಿದ ಪ್ರವಾಸಿಗರು ಅದನ್ನು ಮೆಚ್ಚುವುದಿಲ್ಲ, ಆದರೆ ಹೆಸರು ಕೇಳಿದೊಡನೆ ನಿಂತುಬಿಡುತ್ತಾರೆ. ಅತಿಥಿಗಳ್ಳಿಯ ಗುಡ್ಡ. ಚಿನ್ನ ಕದ್ದವರುಂಟು, ಕುದುರೆ ಕದ್ದವರುಂಟು, ಅತಿಥಿಯನ್ನು ಯಾರು ಕದಿಯುತ್ತಾರೆ ಎಂದು ಕೇಳುತ್ತಾರೆ. ಹೋದ ವರ್ಷ ನಾನು ಇದಕ್ಕೆ ನಾಲ್ಕು ಬಗೆಯ ಉತ್ತರ ಕೊಟ್ಟಿದ್ದೇನೆ. ಒಂದರಲ್ಲಿ ಕರಡಿಯೂ ಬರುತ್ತಿತ್ತು. ಈ ಸಲ ಕರಡಿಯನ್ನು ಕೈಬಿಟ್ಟಿದ್ದೇನೆ. ಉಳಿದದ್ದೆಲ್ಲ ನಿಜ, ಅಥವಾ ನಿಜವೆಂದು ನನಗೆ ಹೇಳಿದವರು ಹೇಳಿದ್ದು. ಕಷ್ಟವೇನೆಂದರೆ ನಾನು ತಾಯಿಯ ಕಡೆಯಿಂದ ಜೆನೆಲನ ಮೊಮ್ಮಗ, ತಂದೆಯ ಕಡೆಯಿಂದ ಶಾಕಿರನ ಮೊಮ್ಮಗ. ಕಳೆದುಕೊಂಡವರ ಮನೆಯೂ ನನ್ನದೇ, ಕದ್ದವರ ಮನೆಯೂ ನನ್ನದೇ. ಎರಡು ಮನೆಯವರೂ ನನ್ನ ಒಂದೊಂದು ಕಿವಿ ಹಿಡಿದುಕೊಂಡು ಕಥೆ ಹೇಳಿದ್ದರಿಂದ ನಡುವೆ ಕೂತ ತಲೆಗೆ ಇಂದಿಗೂ ಪೂರ್ತಿ ತಿಳಿದಿಲ್ಲ.

ಹಿಂದೆ ಒಮ್ಮೆ, ಮಹಾಯುದ್ಧದ ಕಾಲದಲ್ಲಿ, ಇಟಲಿಯವರು ಹೋಗಿ ಜರ್ಮನ್ ಸೈನ್ಯ ನಮ್ಮ ದೇಶವನ್ನು ಹಿಡಿದಿತ್ತು. ಸೈನಿಕರು ಯಹೂದಿಗಳನ್ನು ಹುಡುಕಿ ಹುಡುಕಿ ಒಯ್ಯುತ್ತಿದ್ದರು. ಒಯ್ದವರು ತಿರುಗಿ ಬರುತ್ತಿರಲಿಲ್ಲ. ಆ ಶರತ್ಕಾಲದಲ್ಲಿ ಗಡಿಯಾಚೆಯ ಬಿತೋಲ ಪಟ್ಟಣದಿಂದ ತಪ್ಪಿಸಿಕೊಂಡ ಗಂಡಹೆಂಡಿರು ಗುರೇಷ್ ತಲುಪಿದರಂತೆ. ಗಂಡ ಮೊಯಿಸ್ ಕಮ್ಹಿ ಕೊಡೆ ರಿಪೇರಿಯವನು. ಹೆಂಡತಿ ಲೂನಾ. ಅವರು ತಟ್ಟಿದ್ದು ಜೆನೆಲನ ಬಾಗಿಲು. ಜೆನೆಲ್ ಏನನ್ನೂ ಕೇಳದೆ ರೊಟ್ಟಿ, ಉಪ್ಪು ಮುಂದಿಟ್ಟ. ನಮ್ಮ ಸೀಮೆಯ ಕಟ್ಟಳೆ ಹಾಗೆ: ಯಾರ ರೊಟ್ಟಿ ತಿಂದನೋ ಅತಿಥಿ ಅವರವನು, ಅವನ ಜೀವಕ್ಕೆ ಆ ಮನೆಯ ಮಾನವೇ ಅಡವು, ಇನ್ನೊಂದು ಸೂರಿನ ಕೆಳಗೆ ಉಣ್ಣುವವರೆಗೂ ಈ ಹೊಣೆ ಇಳಿಯದು. ಮೊಯಿಸನ ತಲೆಗೆ ಬಿಳಿ ಉಣ್ಣೆಯ ಟೋಪಿ ಬಂತು, ಅವನು ಮೂಸಾ ಆದ. ಲೂನಾ ಹಾನಾ ಆದಳು. ಕುರಿಗಾಹಿಗಳ ಊರಿನಲ್ಲಿ ಮಳೆಗೆ ಎಲ್ಲರೂ ಕಂಬಳಿ ಹೊದೆಯುವವರು, ಕೊಡೆ ಎಂಬುದನ್ನೇ ಕಂಡವರಿಲ್ಲ. ಪಾಪ, ಮೂಸಾ ಬೇಜಾರು ಕಳೆಯಲು ಜೆನೆಲನ ಮನೆಯ ಬಾಗಿಲು ಕಿಟಕಿಗಳ ಕೀಲುಗಳನ್ನೆಲ್ಲ ಬಿಚ್ಚಿ ಜೋಡಿಸಿದ ಎನ್ನುತ್ತಾರೆ.

ಈ ಸುದ್ದಿ ಪಕ್ಕದ ಮನೆಯಲ್ಲಿ ಬೆಂಕಿ ಹಚ್ಚಿತು. ಗುಡ್ಡದ ಬುಡಕ್ಕೇ ಇದ್ದ ಆ ಮನೆ ಶಾಕಿರನದು. ಒಂದು ನೀರುಗಾಲುವೆಯ ಜಗಳದಿಂದ ಅವನೂ ಜೆನೆಲನೂ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಬಿಟ್ಟಿದ್ದರು ಎಂದರೆ ನೇರವಾಗಿ. ಜೆನೆಲ್ ತನ್ನ ನಾಯಿಗೆ ಹೇಳುತ್ತಿದ್ದ, ಶಾಕಿರ್ ತನ್ನ ಹೇಸರಗತ್ತೆಗೆ ಉತ್ತರಿಸುತ್ತಿದ್ದ. ನಡುವಿನ ಕಲ್ಲುಗೋಡೆಯ ಎರಡೂ ಕಡೆ ಆ ಪ್ರಾಣಿಗಳು ಬಲು ತಿಳಿವಳಿಕೆಯುಳ್ಳವಾಗಿದ್ದವು. ಪ್ರಾಣಭಯದಿಂದ ಬಂದ ಅತಿಥಿಗಿಂತ ದೊಡ್ಡ ಭಾಗ್ಯ ಮನೆಗಿಲ್ಲ. ಅದು ಬಂದೂ ಪಕ್ಕದ ಬಾಗಿಲಿಗೆ ಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಶಾಕಿರನ ಹೆಂಡತಿ ನೂರಿಯೆ ಗಂಡನನ್ನು ಹಂಗಿಸಿದಳು. “ನಮ್ಮ ಬಾಗಿಲಿಗೇನು ಮುಳ್ಳು ಬಡಿದಿದೆಯಾ? ನೀನು ಒಂದು ಸಲ ಹೊರಗೆ ನಿಂತು ಕೆಮ್ಮಿದ್ದರೂ ಅವರು ಇಲ್ಲಿಗೇ ಬರುತ್ತಿದ್ದರು.” ಶಾಕಿರ್ ಹೇಸರಗತ್ತೆಯ ಕಡೆ ನೋಡಿದ. ಅದು ಬೆನ್ನು ತಿರುಗಿಸಿ ಹುಲ್ಲಿಗೆ ಬಾಯಿ ಹಾಕಿತು.

ಇಷ್ಟರಲ್ಲಿ ಕೆಳಗಿನ ಪೇಟೆಯ ಸೈನ್ಯಾಧಿಕಾರಿಗೆ ಗುರೇಷಿನ ಸುಳಿವು ಹತ್ತಿತು. ಅವನ ದುಭಾಷಿ ನಮ್ಮ ಸೀಮೆಯವನೇ, ಮರ್ಮ ಬಲ್ಲವನು. ಮನೆ ಶೋಧಿಸಿದರೆ ಹಳ್ಳಿಯವರು ಅಡಗಿಸಿಬಿಡುತ್ತಾರೆ. ಜೆನೆಲನ ಕೈಗೆ ರೊಟ್ಟಿ ಕೊಟ್ಟು ಆಣೆ ಮಾಡಿಸಿ, ಅವನು ಹುಟ್ಟಿದಾಗಿನಿಂದ ರೊಟ್ಟಿಯ ಮೇಲೆ ಸುಳ್ಳು ಹೇಳಿದವನಲ್ಲ ಎಂದು ಸಲಹೆ ಕೊಟ್ಟ. ಈ ಮಾತು ನಡೆದ ಗುರುವಾರ ನೂರಿಯೆ ಗಿಣ್ಣು ಮಾರಲು ಅದೇ ಪೇಟೆಗೆ ಹೋಗಿದ್ದಳು. ಅವಳ ಕಿವಿಗೆ ಬಿತ್ತೋ ಇಲ್ಲವೋ, ಅಲ್ಲೇ ನನ್ನ ಎರಡು ಕಿವಿಗಳಿಗೆ ಜಗಳ.

ಮರುದಿನ ಬೆಳಿಗ್ಗೆ ಹಾನಾ ತೊರೆಯಲ್ಲಿ ಉಣ್ಣೆ ತೊಳೆಯುತ್ತಿದ್ದಳು, ಮೂಸಾ ಹಿಂಡಿ ಹರವುತ್ತಿದ್ದ. ನೂರಿಯೆ ಬಂದು ತನ್ನ ಮಗ್ಗದ ಹಣಿಗೆ ಮುರಿದಿದೆಯೆಂದಳು. ಮುರಿದ ವಸ್ತುವೆಂದರೆ ಮೂಸಾನಿಗೆ ಹಬ್ಬ. ಹೆಂಡತಿಯನ್ನೂ ಕರೆದುಕೊಂಡು ಹೋದ. ಹಣಿಗೆ ನೋಡುವ ಮೊದಲೇ ಈರುಳ್ಳಿಸೊಪ್ಪಿನ ಬಿಸಿ ಕಡುಬು ಮುಂದೆ ಬಂತು. ಬೇಡವೆನ್ನುವುದು ಮರ್ಯಾದೆಯಲ್ಲ, ತಿಂದರು. ನೂರಿಯೆ ತಟ್ಟೆ ಎತ್ತುತ್ತಾ, “ತಿಂದಿರಲ್ಲ, ಇನ್ನು ನೀವು ನಮ್ಮವರು. ಮೇಲಕ್ಕೆ ನಡೆಯಿರಿ, ಹಾಸಿಗೆ ಹಾಸಿದ್ದೇನೆ,” ಎಂದಳು. ಮೂಸಾ ಪಟ್ಟಣದವನು, ತನ್ನನ್ನು ಕದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಹಣಿಗೆ ಎಲ್ಲಿ ಎಂದು ಕೇಳಿದನಂತೆ.

ಜೆನೆಲನಿಗೆ ತಿಳಿದಾಗ ಅವನು ಗೋಡೆಯ ಬಳಿ ಬಂದು ನಾಯಿಯನ್ನು ಮುಂದೆ ನಿಲ್ಲಿಸಿಕೊಂಡ. “ಕೇಳಿದೆಯಾ, ನನ್ನ ಮಾನ ಕದ್ದರು. ಕೊಡದಿದ್ದರೆ ಆ ಮನೆಯ ಹೊಗೆ ಏಳದ ಹಾಗೆ ಮಾಡುತ್ತೇನೆ ಎಂದು ಹೇಳು.” ಆಚೆಯಿಂದ ಶಾಕಿರ್ ಹೇಸರಗತ್ತೆಗೆ, “ಹೊಟ್ಟೆಗೆ ಹೋದದ್ದನ್ನು ತೆಗೆದುಕೊಡುವ ಕಟ್ಟಳೆ ಇದ್ದರೆ ತೋರಿಸಲಿ ಎನ್ನು,” ಎಂದ. ಇದು ನಡೆಯುತ್ತಿದ್ದಂತೆಯೇ ಆರು ಜನ ಸೈನಿಕರು, ಅಧಿಕಾರಿ, ದುಭಾಷಿ ಜೆನೆಲನ ಅಂಗಳಕ್ಕೆ ನುಗ್ಗಿದರು. ದುಭಾಷಿ ರೊಟ್ಟಿಯೊಂದನ್ನು ಜೆನೆಲನ ಕೈಗೆ ಕೊಟ್ಟು, ಮನೆಯಲ್ಲಿ ಪರಸ್ಥಳದವರಿದ್ದಾರೆಯೇ ಎಂದು ಕೇಳಿದ. ಜೆನೆಲ್ ಕಣ್ಣು ಮಿಟುಕಿಸಲಿಲ್ಲ. “ಈ ರೊಟ್ಟಿಯಾಣೆ, ನನ್ನ ಮನೆಯಲ್ಲಿ ಯಾರೂ ಇಲ್ಲ.” ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಆದರೆ ಸಿಟ್ಟು ಮತ್ತು ಸತ್ಯ ಎರಡೂ ಒಟ್ಟಿಗೆ ಉಕ್ಕಿದವು. “ಬೆಳಿಗ್ಗೆವರೆಗೆ ಇದ್ದವು ಎರಡು ಜೀವ. ಕದ್ದರು,” ಎಂದುಬಿಟ್ಟ.

ಏನನ್ನು ಕದ್ದರು ಎಂದು ದುಭಾಷಿ ಕೇಳಿದ. ರೊಟ್ಟಿ ಇನ್ನೂ ಕೈಯಲ್ಲಿತ್ತು. ಜೆನೆಲ್ ಸುಳ್ಳಾಡುವಂತಿಲ್ಲ, ನಿಜವಾಡಿದರೆ ಗೋಡೆಯಾಚೆ ಎರಡು ಹೆಣ. ಆಗಲೇ ತಾನು ಏನು ಮಾಡಿದೆನೆಂದು ಅವನಿಗೆ ಹೊಳೆದದ್ದು. ಆಗ ಗೋಡೆಯಾಚೆಯಿಂದ ಶಾಕಿರನ ಗಂಟಲು, ಹೇಸರಗತ್ತೆಯನ್ನುದ್ದೇಶಿಸಿ: “ಎರಡು ಹೆಣ್ಣುಕುರಿಗೆ ಇಷ್ಟು ರಂಪ. ಹೌದಪ್ಪ, ನಾನೇ ಕದ್ದೆ. ನನ್ನ ಹುಲ್ಲು ಮೇಯ್ದಿದ್ದವು, ಕೊಡೋದಿಲ್ಲ ಅಂತ ಹೇಳು ಅವನಿಗೆ.” ಶಾಕಿರನ ಕೈಯಲ್ಲಿ ರೊಟ್ಟಿಯಿರಲಿಲ್ಲ.

ಇಬ್ಬರು ಮುದುಕರು, ಒಂದು ನಾಯಿ, ಒಂದು ಹೇಸರಗತ್ತೆ. ಯಾರು ಯಾರಿಗೆ ಹೇಳುತ್ತಿದ್ದಾರೆಂದು ಅಧಿಕಾರಿಗೆ ಬುಡವೂ ತಿಳಿಯಲಿಲ್ಲ, ತುದಿಯೂ ತಿಳಿಯಲಿಲ್ಲ. ಜೆನೆಲನ ಮನೆ ತಡಕಾಡಿಸಿದ, ಏನೂ ಇಲ್ಲ. ಶಾಕಿರನ ಮನೆಗೂ ಹೋದರು. ಅಲ್ಲಿ ಟೋಪಿ ಹಾಕಿದವನೊಬ್ಬ ಮಗ್ಗದ ಹಣಿಗೆಯನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಇಬ್ಬರು ಹೆಂಗಸರು ಹಿಟ್ಟು ನಾದುತ್ತಾ ಅವನನ್ನು ಬೈಯುತ್ತಿದ್ದರು. ಅಧಿಕಾರಿ ಮೂವರನ್ನೂ ಆ ಮನೆಯವರೆಂದೇ ತಿಳಿದು ನ್ಯಾಯ ಹೇಳಿದ: ಶಾಕಿರನ ಹಟ್ಟಿಯಿಂದ ಎರಡು ಕುರಿ ಹಿಡಿಸಿ, ಒಂದನ್ನು ಜೆನೆಲನಿಗೆ ಕೊಡಿಸಿ, ಇನ್ನೊಂದನ್ನು ನ್ಯಾಯದ ಕೂಲಿಯೆಂದು ಒಯ್ದ.

ನೂರಿಯೆಗೆ ಮೊದಲೇ ತಿಳಿದಿತ್ತೇ? ಇಲ್ಲ, ಬರೀ ಹೊಟ್ಟೆಕಿಚ್ಚು ಎನ್ನುತ್ತಾರೆ ತಾಯಿಯ ಕಡೆಯವರು. ಎಲ್ಲ ತಿಳಿದೇ ಮಾಡಿದಳು ಎನ್ನುತ್ತಾರೆ ತಂದೆಯ ಕಡೆಯವರು. ನಾನು ಅಜ್ಜಿಯನ್ನೇ ಕೇಳಿದ್ದೆ. “ಅವರಿಗೆ ಹಸಿವಾಗಿತ್ತು ಕಣೋ,” ಎಂದಳು. ಜೆನೆಲನಂತೂ ಸಾಯುವವರೆಗೆ ಗುಡ್ಡದ ಕಡೆ ಕೈ ತೋರಿಸಿ ಅದು ಅತಿಥಿಗಳ್ಳಿಯದು ಎನ್ನುತ್ತಿದ್ದ. ಊರು ಅದನ್ನೇ ಹಿಡಿಯಿತು. ನೂರಿಯೆಗೆ ಆ ಹೆಸರಿನ ಬಗ್ಗೆ ಹೆಮ್ಮೆಯೇ ಇತ್ತು.

ಯುದ್ಧ ಮುಗಿದು ಕಮ್ಹಿ ದಂಪತಿ ಹೊರಟ ದಿನ ಮತ್ತೆ ತಕರಾರು. ಅತಿಥಿಯನ್ನು ಊರಿನ ಗಡಿಯವರೆಗೆ ಕಳಿಸಿಕೊಡುವುದು ಆತಿಥೇಯನ ಹಕ್ಕು. ಗಡಿ ಎಂದರೆ ಗುಡ್ಡದ ನೆತ್ತಿ. ಶಾಕಿರ್ ಅವರನ್ನು ಕರೆದುಕೊಂಡು ತನ್ನ ಹಿತ್ತಲಿನಿಂದ ಹತ್ತಿದ. ಜೆನೆಲ್ ತನ್ನ ಹೊಲದಿಂದ ಒಬ್ಬನೇ ಹತ್ತಿದ, ಯಾರನ್ನೂ ಕಳಿಸಲಿಕ್ಕಿಲ್ಲದೆ. ನೆತ್ತಿಯಲ್ಲಿ ಲೂನಾ ಇಬ್ಬರ ಕೈಗೂ ಮುತ್ತಿಟ್ಟಳಂತೆ. ಗಂಡಹೆಂಡಿರು ಆಚೆ ಇಳಿದು ಕಾಣದಾದ ಮೇಲೆ ನೆತ್ತಿಯಲ್ಲಿ ಇವರಿಬ್ಬರೇ ಉಳಿದರು. ನಾಯಿಯೂ ಬಂದಿರಲಿಲ್ಲ, ಹೇಸರಗತ್ತೆಯೂ ಬಂದಿರಲಿಲ್ಲ.

“ಶಾಕಿರ್,” ಎಂದ ಜೆನೆಲ್. “ಆವತ್ತಿನಿಂದ ನನ್ನ ಮನೆಗೆ ಅತಿಥಿಗಳಿಲ್ಲ. ಊಟಕ್ಕೆ ಬಾ.”

ನೀವು ಬಂದರೆ ನೋಡಿ. ಗುಡ್ಡ ಹತ್ತಲು ಎರಡು ಮನೆಗಳಿಂದ ಎರಡು ಕಾಲುದಾರಿಗಳಿವೆ, ಹುಲ್ಲು ಮುಚ್ಚಿ ಅರ್ಧ ಮಾಸಿವೆ. ಇಳಿಯಲು ಒಂದೇ ಇದೆ, ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲ. ಅದು ಜೆನೆಲನ ಅಡುಗೆಮನೆಯ ಬಾಗಿಲಲ್ಲಿ ಮುಗಿಯುತ್ತದೆ.