ಬೀಗದ ಒಳಗಿನ ಮೊಸರು

"ಗುರುಗಳೇ, ನನ್ನ ಮನೆಗೆ ನಾನು ಬೀಗ ಹಾಕಿಕೊಂಡು ಹೋದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನು ಹೇಳಿದ ಮನೆ ಇಟ್ಟಿಗೆಯದಲ್ಲ. ಮಠದ ಪಾಠಶಾಲೆಯಲ್ಲಿ ಎಲ್ಲರೂ ಕೂಡಿ ಬಳಸುವ ಒಂದು ದೊಡ್ಡ ಕಂಪ್ಯೂಟರ್ ಇತ್ತು. ಅದರೊಳಗೆ ಎಲ್ಲರಿಗೂ ಸೇರಿದ ಒಂದು ಜಾಗ, ಜೊತೆಗೆ ಪ್ರತಿಯೊಬ್ಬನಿಗೂ ಬೀಗ ಹಾಕಬಹುದಾದ ಸ್ವಂತದ್ದೊಂದು ಜಾಗ. ಅದಕ್ಕೆ ಮನೆ ಎಂದೇ ಹೆಸರು. ಪಂಚಾಂಗದ ಲೆಕ್ಕ ಹಾಕುವ ಪ್ರೋಗ್ರಾಮನ್ನು ಈ ಶಿಷ್ಯ ಬರೆದು ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ. ಯಾರಿಗೆ ಲೆಕ್ಕ ಬೇಕಾದರೂ ಅವನನ್ನೇ ಕೇಳಬೇಕು. ಹಾಗೆ ಕೇಳಿಸಿಕೊಳ್ಳುವುದು ಅವನಿಗೆ ಬಲು ಹಿತವಾಗಿತ್ತು. ಈಗ ಪಂಚಾಂಗ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ರಜೆಗೆ ಊರಿಗೆ ಹೊರಟಿದ್ದ.

"ಬೀಗ ಹಾಕುವುದು ತಪ್ಪಲ್ಲವಯ್ಯ. ಹಾಕದಿದ್ದರೆ ಬೆಕ್ಕು ಬರುತ್ತದೆ. ಕೂತುಕೋ, ನಿನ್ನ ಬಸ್ಸಿಗೆ ಇನ್ನೂ ಹೊತ್ತಿದೆ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಛತ್ರವಿತ್ತು. ಅಲ್ಲಿ ಎಲ್ಲರಿಗೂ ಸೇರಿದ ದೊಡ್ಡ ಅಡುಗೆಮನೆ, ಜೊತೆಗೆ ಒಬ್ಬೊಬ್ಬ ಅಡುಗೆಯವನಿಗೂ ಒಂದೊಂದು ಕೋಣೆ. ಒಬ್ಬರ ಕೋಣೆಯ ಬಾಗಿಲನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಅಡುಗೆಯವರಲ್ಲಿ ಒಬ್ಬನ ಮೊಸರು ಹೆಸರುವಾಸಿ. ಛತ್ರದ ಹಾಲನ್ನೆಲ್ಲ ಅವನು ಸಂಜೆ ತನ್ನ ಕೋಣೆಗೆ ತರಿಸಿಕೊಂಡು ಹೆಪ್ಪು ಹಾಕುತ್ತಿದ್ದ. ಮರುದಿನ ಮೊಸರು ಬೇಕಾದವರು ಅವನ ಬಾಗಿಲು ತಟ್ಟಬೇಕಿತ್ತು.

ಒಂದು ಮದುವೆಯ ದಿನ ಬೆಳಿಗ್ಗೆ ಅವನಿಗೆ ಪಕ್ಕದ ಊರಿನಿಂದ ಕರೆ ಬಂತು. ತಂಗಿಯ ಮಗಳ ನಿಶ್ಚಿತಾರ್ಥ, ಸೋದರಮಾವನಿಲ್ಲದೆ ಆಗುವುದಿಲ್ಲ. ಸಂಭ್ರಮದಲ್ಲಿ ಅವನಿಗೆ ಮೈಮೇಲೆ ಎಚ್ಚರವೇ ಇರಲಿಲ್ಲ. ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ ಓಡಿದ.

ಮಧ್ಯಾಹ್ನ ಗಂಡಿನ ಕಡೆಯವರು ಪಂಕ್ತಿಗೆ ಕೂತರು. ಸಾರು ಬಂತು, ಹುಳಿ ಬಂತು, ಪಾಯಸವೂ ಬಂತು. ಮೊಸರು ಮಾತ್ರ ಬರಲಿಲ್ಲ. ಮೊಸರನ್ನ ಉಣ್ಣದೆ ಪಂಕ್ತಿ ಎದ್ದರೆ ಹೆಣ್ಣಿನ ತಂದೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಪಾಪ, ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಬೀಗ ಒಡೆಯಿರಿ" ಎಂದು ಕೆಲವರು ಕೂಗಿದರು. ಛತ್ರದ ಪಾರುಪತ್ಯಗಾರ ಒಪ್ಪಲಿಲ್ಲ.

"ಇಂದು ಮೊಸರಿಗೆಂದು ಒಡೆದರೆ ನಾಳೆ ಯಾರ ಬಾಗಿಲು ಉಳಿಯುತ್ತದೆ?" ಎಂದ.

"ಊಟಕ್ಕಿಲ್ಲದ ಉಪ್ಪಿನಕಾಯಿ ಕೇಳಿದ್ದೆವು, ಊಟಕ್ಕಿಲ್ಲದ ಮೊಸರನ್ನು ಇಂದು ಕಂಡೆವು. ಯಾರಪ್ಪಾ ಆ ಕೋಣೆಯ ಪುಣ್ಯಾತ್ಮ?" ಎಂದು ಗಂಡಿನ ಚಿಕ್ಕಪ್ಪ ಕೇಳಿದ. ಅಡುಗೆಯವನ ಹೆಸರು ಎಲೆಯಿಂದ ಎಲೆಗೆ ಹರಿಯಿತು.

ಹೆಣ್ಣಿನ ಅಜ್ಜಿ ಜಾಣೆ. ಪಂಕ್ತಿ ಏಳದಿರಲೆಂದು ಬೀಗರನ್ನು ಹಾಸ್ಯಮಾಡುವ ಹಾಡೊಂದನ್ನು ಎತ್ತಿದಳು. ಗಂಡಿನ ಸೋದರತ್ತೆ ಬಿಡುತ್ತಾಳೆಯೇ? ಅವಳೂ ಹಾಡಿದಳು. ಹಾಡಿನ ಮೇಲೆ ಹಾಡು ಬಂತು, ಎಲ್ಲರ ಕೈ ಒಣಗಿತು.

ಅತ್ತ ತಂಗಿಯ ಮನೆಯಲ್ಲಿ ಅಡುಗೆಯವನ ಎಲೆಗೆ ಮೊಸರು ಬಿತ್ತು. ಅವನು ಅದನ್ನು ನೋಡಿದ, "ಅಯ್ಯೋ!" ಎಂದು ಎದ್ದ, ಎಂಜಲು ಕೈಯಲ್ಲೇ ಓಡಿದ. "ಅಣ್ಣಾ, ಮೊಸರು ಅಷ್ಟು ಹುಳಿಯೇ?" ಎಂದು ತಂಗಿ ಹಿಂದಿನಿಂದ ಕೂಗುತ್ತಲೇ ಇದ್ದಳು.

ಅವನು ಬಂದು ಬಾಗಿಲು ತೆರೆದಾಗ ಹಾಡುವವರ ಗಂಟಲು ಬಿದ್ದುಹೋಗಿತ್ತು. ಪಂಕ್ತಿ ನಗುತ್ತಾ ಉಂಡಿತು. ಹೆಣ್ಣಿನ ತಂದೆಗೆ ಹೋದ ಜೀವ ಬಂದಂತಾಯಿತು. ಅಡುಗೆಯವನು ನಾಚಿ ಬೀಗದ ಕೈಯನ್ನು ಪಾರುಪತ್ಯಗಾರನ ಮುಂದೆ ಚಾಚಿದ. ಅವನು ತೆಗೆದುಕೊಳ್ಳಲಿಲ್ಲ.

"ಕೋಣೆ ನಿನ್ನದು, ಬೀಗವೂ ನಿನ್ನದು. ನಿನ್ನ ಪಂಚೆ, ನಿನ್ನ ನಶ್ಯದ ಡಬ್ಬಿ ಒಳಗೇ ಇರಲಿ. ಪಂಕ್ತಿಯ ಮೊಸರನ್ನು ಮಾತ್ರ ದೊಡ್ಡ ಅಡುಗೆಮನೆಯಲ್ಲಿ ಹೆಪ್ಪು ಹಾಕು" ಎಂದ.

ಶಿಷ್ಯ ಹೊಟ್ಟೆ ತುಂಬ ನಕ್ಕ. ಆಮೇಲೆ, "ಆದರೆ ಗುರುಗಳೇ, ದೊಡ್ಡ ಅಡುಗೆಮನೆಯಲ್ಲಿಟ್ಟರೆ ಅದು ಯಾರ ಮೊಸರೆಂದು ಯಾರಿಗೆ ಗೊತ್ತಾಗುತ್ತದೆ?" ಎಂದು ಕೇಳಿದ.

"ಬೀಗ ಹಾಕಿದ್ದ ದಿನ ಇಡೀ ಪಂಕ್ತಿಗೆ ಚೆನ್ನಾಗಿಯೇ ಗೊತ್ತಾಗಿತ್ತಲ್ಲವೇ!" ಎಂದರು ಗುರುಗಳು.

ಶಿಷ್ಯ ಹೆಗಲ ಚೀಲ ಇಳಿಸಿ, ಪ್ರೋಗ್ರಾಮನ್ನು ಎಲ್ಲರ ಜಾಗಕ್ಕೆ ಸಾಗಿಸಲು ಕಂಪ್ಯೂಟರಿನ ಕೋಣೆಗೆ ಹೋದ.