ನಕ್ಷೆಗಾರನ ಹಂಸಗಳು

"ಸರಿಯಾಗಿ ನಡೆಯುತ್ತಿರುವ ಕೆಲಸವನ್ನು ಮತ್ತೆ ಹೋಗಿ ನನ್ನ ಕೈಯಿಂದಲೇ ಮಾಡಿ ನೋಡಿದರೆ ಹೊಸದಾಗಿ ಏನು ಸಿಗುತ್ತದೆ, ಸರ್?"

ಕೇಳಿದವಳು ನೀಲಗಂಗಾ, ಕಂಪ್ಯೂಟರ್ ವಿಭಾಗದಲ್ಲಿ ಎಂ.ಟೆಕ್. ಎರಡನೆಯ ವರ್ಷದ ವಿದ್ಯಾರ್ಥಿನಿ. ತಾಲ್ಲೂಕು ಆಸ್ಪತ್ರೆಯೊಂದರ ಔಷಧಿ ಕೌಂಟರಿಗೆ ಅವಳು ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದಳು. ಯಾವ ಮಾತ್ರೆ ಎಷ್ಟು ಉಳಿದಿದೆ, ಯಾವುದನ್ನು ಯಾವಾಗ ತರಿಸಬೇಕು ಎಂದು ಅದು ಹೇಳುತ್ತಿತ್ತು. ಅದೇ ಅವಳ ಪ್ರಾಜೆಕ್ಟ್. ಆದರೆ ವಿಭಾಗದಲ್ಲಿ ಅದರ ಮುಖ್ಯಸ್ಥ ಕಮತಗಿ ಸರ್ ಮಾಡಿಟ್ಟ ಒಂದು ಕಟ್ಟಳೆ ಇತ್ತು. ಏನನ್ನೇ ಕಟ್ಟಿದರೂ, ಅದು ಬಳಕೆಯಲ್ಲಿರುವ ಜಾಗಕ್ಕೆ ಹೋಗಿ ಹದಿನೈದು ದಿನ ಅಲ್ಲಿಯವರ ಕೆಲಸವನ್ನು ತಾವೇ ಮಾಡಬೇಕು. ಎಂದರೆ ನೀಲಗಂಗಾ ಕೌಂಟರಿನ ಹಿಂದೆ ನಿಂತು ಚೀಟಿ ನೋಡಿ ಮಾತ್ರೆ ಕೊಡಬೇಕು.

ಅವಳಿಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಆ ಹದಿನೈದು ದಿನ ಕೈಗೆ ಸಿಕ್ಕರೆ ಲೇಖನವೊಂದು ಮುಗಿಯುತ್ತಿತ್ತು. ಲೇಖನ ಮುಗಿದರೆ ಪಿಎಚ್.ಡಿ.ಗೆ ಅರ್ಜಿ ಹಾಕಬಹುದಿತ್ತು. ಕಟ್ಟಳೆಯಿಂದ ವಿನಾಯಿತಿ ಕೇಳುವ ಪತ್ರವನ್ನು ಬರೆದುಕೊಂಡೇ ಬಂದಿದ್ದಳು. ಸರ್ ಸಹಿ ಒಂದೇ ಬಾಕಿ.

ಊಟವಾದ ಹೊತ್ತು. ಕಮತಗಿ ಸರ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದರು. ಪಕ್ಕದ ಲ್ಯಾಬಿನಿಂದ ಯಂತ್ರಗಳ ಗುಂಯ್‌ಗುಡುವಿಕೆ ಒಂದೇ ಸಮನೆ ಕೇಳುತ್ತಿತ್ತು. ನಿದ್ದೆ ಹೋದರೇನೋ ಎಂದು ಅವಳು ಅನುಮಾನಿಸುವಷ್ಟರಲ್ಲಿ ಅವರು ಕಣ್ಣು ತೆರೆಯದೆಯೇ ಹೇಳಿದರು: "ಕೂತುಕೋ ತಂಗೀ. ನಿಂತು ಕೇಳಿದವರಿಗೆ ಕತೆ ಮೊಣಕಾಲಿಗೆ ಇಳಿಯುತ್ತದೆ, ತಲೆಗೆ ಹತ್ತುವುದಿಲ್ಲ."

ಅವಳು ಕೂತಳು. ಸರ್ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ನಕ್ಷೆಗಾರನಿದ್ದ. ಸೀರೆಯ ಸೆರಗಿಗೆ ಹಕ್ಕಿ, ಹೂವು, ಬಳ್ಳಿ ಬರೆದುಕೊಡುವುದು ಅವನ ಕಸುಬು. ಚೌಕಳಿ ಕಾಗದದ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಬರೆಯುತ್ತಿದ್ದ. ತುಂಬಿದ ಚೌಕವಿದ್ದಲ್ಲಿ ಎಳೆ ಮೇಲೆ, ಖಾಲಿ ಚೌಕವಿದ್ದಲ್ಲಿ ಎಳೆ ಕೆಳಗೆ. ನೀವು ಸೊನ್ನೆ, ಒಂದು ಅನ್ನುತ್ತೀರಲ್ಲ, ಅದೇ. ನೀವೇ ಮೊದಲು ಕಂಡುಹಿಡಿದಿರಿ ಎಂದು ಬೀಗಬೇಡಿ.

ಅವನು ಇರುತ್ತಿದ್ದದ್ದು ಅಟ್ಟದ ಮೇಲೆ. ಕೆಳಗೆ ನೇಕಾರರ ಮಗ್ಗಗಳಿದ್ದವು. ಅಟ್ಟದ ನೆಲದಲ್ಲಿ ಒಂದು ಕಿಂಡಿ. ನಕ್ಷೆ ಮುಗಿದಾಗ ಅವನು ಕಾಗದವನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಕೆಳಗೆ ಬಿಡುತ್ತಿದ್ದ. ಸ್ವಲ್ಪ ಹೊತ್ತಿಗೆ ಖಾಲಿ ಬುಟ್ಟಿಯನ್ನು ಮೇಲೆ ಎಳೆದುಕೊಳ್ಳುತ್ತಿದ್ದ. ಮೇಲಿನವನು ಕೆಳಗೆ ಇಳಿಯುವ ಪದ್ಧತಿಯಿಲ್ಲ, ಕೆಳಗಿನವರು ಮೇಲೆ ಹತ್ತುವ ಪದ್ಧತಿಯಿಲ್ಲ. ಯಾರು ಮಾಡಿದ್ದೋ, ಯಾಕೆ ಮಾಡಿದ್ದೋ. ಯಾರೂ ಕೇಳಿರಲಿಲ್ಲ. ಅವನ ಮನೆಯ ಮೆಟ್ಟಿಲು ಹಿಂದಿನ ಓಣಿಗೆ ಇಳಿಯುತ್ತಿತ್ತು, ಮಗ್ಗದ ಬಾಗಿಲು ಮುಂದಿನ ಬೀದಿಗಿತ್ತು.

ಹೀಗೆ ಮೂವತ್ತು ವರ್ಷ ಕಳೆದವು. ಆ ಮೂವತ್ತು ವರ್ಷವೂ ಅವನಿಗೆ ಅರೆನಿದ್ದೆಯಲ್ಲಿ ಕಳೆದ ಒಂದು ಮಧ್ಯಾಹ್ನದಂತೆ ಇತ್ತು. ಕೆಳಗಿನ ಮಗ್ಗಗಳ ಸದ್ದು ನೆಲದೊಳಗಿಂದ ಬಂದು ಅವನ ಚಾಪೆಯನ್ನು ಮೆಲ್ಲಗೆ ನಡುಗಿಸುತ್ತಿತ್ತು. ಆ ಸದ್ದಿನಲ್ಲೇ ಬರೆಯುತ್ತಿದ್ದ, ಆ ಸದ್ದಿನಲ್ಲೇ ಮಲಗುತ್ತಿದ್ದ. ಕನಸಿನಲ್ಲಿ ಹಕ್ಕಿಗಳು ಬಂದು ಒಂದೊಂದು ಚೌಕದಲ್ಲಿ ಒಂದೊಂದು ಕಾಲಿಟ್ಟು ನಡೆದು, ಕಿಂಡಿಯೊಳಗೆ ಇಳಿದುಹೋಗುತ್ತಿದ್ದವು. ಎದ್ದು ಅವನ್ನೇ ಬರೆಯುತ್ತಿದ್ದ. ಸಂಜೆ ಕಿಟಕಿಯಲ್ಲಿ ನಿಂತರೆ ಬೀದಿಯಲ್ಲಿ ಹೆಂಗಸರು ಆ ಸೀರೆಗಳನ್ನು ಉಟ್ಟು ಹೋಗುವುದು ಕಾಣುತ್ತಿತ್ತು. ಗಿಳಿ ಗಿಳಿಯಂತೆಯೇ ಇತ್ತು, ನವಿಲು ನವಿಲಿನಂತೆಯೇ ಇತ್ತು. ಅವನ ಹೊಟ್ಟೆ ತಣ್ಣಗಾಗುತ್ತಿತ್ತು. ತನ್ನ ನಕ್ಷೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಅವನು ನಂಬಿದ್ದ. ನಂಬದೆ ಏನು ಮಾಡಿಯಾನು, ಕಣ್ಣೆದುರಿಗೇ ಓಡಾಡುತ್ತಿದ್ದವಲ್ಲ.

ಅವನಿಗೆ ಒಬ್ಬಳೇ ಮಗಳು. ಅವಳ ಮದುವೆ ಗೊತ್ತಾಯಿತು.

ಮದುವೆಯ ಸೀರೆಯ ಸೆರಗಿಗೆ ಹಂಸಗಳನ್ನು ಬರೆಯುವುದೆಂದು ಅವನು ನಿಶ್ಚಯಿಸಿದ. ಅಂಥ ಹಂಸಗಳನ್ನು ಅವನು ಹಿಂದೆ ಬರೆದಿರಲಿಲ್ಲ. ಒಂದು ಬೆಳಗಿನ ಜಾವದ ಕನಸಿನಲ್ಲಿ ಅವು ಸಾಲಾಗಿ ನೀರಿನ ಮೇಲೆ ಬಂದಿದ್ದವು. ಉದ್ದ ಕುತ್ತಿಗೆ. ಮಗಳು ಚಿಕ್ಕವಳಿದ್ದಾಗ ಕಿಟಕಿಯ ಸರಳು ಹಿಡಿದು ಬೀದಿ ನೋಡಲು ಕತ್ತು ಚಾಚುತ್ತಿದ್ದಳಲ್ಲ, ಹಾಗೆ ಅವೂ ಕತ್ತು ಚಾಚಿದ್ದವು. ನಾಲ್ಕು ತಿಂಗಳು ಕೂತು ಬರೆದ. ಬರೆಯುವಾಗ ಎಷ್ಟೋ ಸಲ ಅವನ ಕಣ್ಣು ಒದ್ದೆಯಾಯಿತು. ಮಗಳು ಬೇರೆ ಊರಿಗೆ ಹೋಗುತ್ತಾಳೆ, ತನ್ನ ಹಂಸಗಳಾದರೂ ಅವಳ ಬೆನ್ನ ಮೇಲೆ ಇರುತ್ತವೆ ಎಂಬ ಸಮಾಧಾನ ಅವನಿಗೆ.

ಅಷ್ಟರಲ್ಲಿ ಒಬ್ಬ ವ್ಯಾಪಾರಿ ಬಂದವನು ಮಾತಿಗೆ ಮಾತು ಬಂದು, "ನಿಮ್ಮ ನೇಕಾರರು ನಕ್ಷೆಗೆ ತಮ್ಮದೂ ಏನೋ ಸೇರಿಸುತ್ತಾರಂತೆ" ಎಂದ. ಅವನು ಹೊಗಳಿಯೇ ಹೇಳಿದ್ದು. ನಕ್ಷೆಗಾರನಿಗೆ ಮಾತ್ರ ಮೈ ಉರಿದುಹೋಯಿತು. ತನ್ನ ನಕ್ಷೆಗೆ ಸೇರಿಸುವುದಕ್ಕೆ ಏನಿದೆ? ಅವನು ಹಂಸಗಳ ಕಾಗದದ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದ: "ಇದು ನನ್ನ ಮಗಳ ಸೀರೆ. ಒಂದು ಸಾಲನ್ನೂ ಹೆಚ್ಚು ನೇಯಬಾರದು, ಕಡಿಮೆ ನೇಯಬಾರದು. ಬರೆದದ್ದು ಬರೆದಂತೆ." ಕಾಗದವನ್ನು ಬುಟ್ಟಿಯಲ್ಲಿಟ್ಟು ಇಳಿಬಿಟ್ಟ.

ಆ ಮಧ್ಯಾಹ್ನ ಮಲಗಿದ್ದವನಿಗೆ ಇದ್ದಕ್ಕಿದ್ದಂತೆ ಎಚ್ಚರವಾಯಿತು. ಏನೋ ಕಳೆದುಹೋದಂತೆ ಅನಿಸಿತು. ಆಮೇಲೆ ಗೊತ್ತಾಯಿತು, ಮಗ್ಗಗಳು ನಿಂತಿವೆ. ಮೂವತ್ತು ವರ್ಷದಲ್ಲಿ ಹಗಲು ಹೊತ್ತು ಅವು ಎಂದೂ ನಿಂತಿರಲಿಲ್ಲ. ಕಿವಿಗೊಟ್ಟು ಕೇಳಿದ. ಕೆಳಗೆ ಯಾರೋ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಕಿಂಡಿಯಲ್ಲಿ ಬಗ್ಗಿ ಏನೆಂದು ಕೇಳಬಹುದಿತ್ತು. ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮಗ್ಗದ ಸದ್ದು ಮತ್ತೆ ಶುರುವಾಯಿತು. ಅವನು ಮಗ್ಗುಲು ಬದಲಿಸಿ ಮಲಗಿದ.

ಆ ಊರಿನಲ್ಲಿ ಮದುವೆಯ ಸೀರೆಯ ಮಡಿಕೆಯನ್ನು ಮದುಮಗಳೇ ಬಿಚ್ಚಬೇಕು, ಅದಕ್ಕೆ ಮೊದಲು ಬೇರೆಯವರು ಬಿಚ್ಚಿ ನೋಡಬಾರದು. ಮದುವೆಯ ಬೆಳಿಗ್ಗೆ ನೆಂಟರೆಲ್ಲ ಸುತ್ತ ಕೂತಿರುವಾಗ ಮಗಳು ಸೀರೆ ಬಿಚ್ಚಿದಳು. ಸೆರಗು ಹರಡಿಕೊಂಡಿತು. ಎಲ್ಲರೂ ಬಗ್ಗಿ ನೋಡಿದರು.

ಮಗಳು ತಲೆಯೆತ್ತಿ, "ಅಪ್ಪಾ, ಇವು ಯಾವ ಹಕ್ಕಿ?" ಎಂದು ಕೇಳಿದಳು.

ಅವನೂ ನೋಡಿದ. ಹಂಸಗಳ ಕುತ್ತಿಗೆ ಮೈಯೊಳಗೆ ಹೂತುಹೋಗಿತ್ತು. ಮೈ ಚಪ್ಪಟೆಯಾಗಿ ಅಗಲಕ್ಕೆ ಹರಡಿತ್ತು. ಸೆರಗಿನ ತುಂಬ ಕಾವಿಗೆ ಕೂತ ಕೋಳಿಗಳು, ಸಾಲು ಸಾಲಾಗಿ.

"ಹಂಸ, ಮಗಳೇ" ಎಂದ.

ಸೋದರತ್ತೆಯೊಬ್ಬಳು, "ಕೋಳಿಯಾದರೇನಂತೆ, ಮನೆ ತುಂಬ ಮರಿಯಾಗಲಿ ಬಿಡು" ಎಂದಳು. ಎಲ್ಲರೂ ನಕ್ಕರು. ಮಗಳು ನಗಲಿಲ್ಲ, ಅಳಲೂ ಇಲ್ಲ. ಬೇರೆ ಸೀರೆ ಉಡು ಎಂದು ತಾಯಿ ಹೇಳಿದರೆ, ಅಪ್ಪ ಬರೆದದ್ದು ಎಂದು ಅದನ್ನೇ ಉಟ್ಟಳು. ಮುಹೂರ್ತ ಮುಗಿಯುವ ತನಕ ಸೆರಗನ್ನು ಮುಂದಕ್ಕೆ ಎಳೆದು ಎದೆಗೆ ಅವುಚಿಕೊಂಡೇ ಕೂತಿದ್ದಳು. ಸಂಜೆ ಅವಳು ಗಂಡನ ಊರಿಗೆ ಹೊರಟಾಗ ಸೆರಗು ಮತ್ತೆ ಬೆನ್ನಿಗೆ ಜಾರಿತು. ಬೀದಿಯ ತಿರುವಿನ ತನಕ ಆ ಕೋಳಿಗಳು ಕಾಣುತ್ತಲೇ ಇದ್ದವು. ಇಷ್ಟು ದುಃಖವನ್ನು ಅವನು ಹಿಂದೆ ಯಾವತ್ತೂ ಪಟ್ಟಿರಲಿಲ್ಲ.

ಆ ದುಃಖವೇ ಸಿಟ್ಟಾಯಿತು. ಮದುವೆಯ ಪಂಚೆಯಲ್ಲೇ ಓಣಿ ಸುತ್ತಿ ಬಂದು ಮಗ್ಗದ ಬಾಗಿಲು ತಳ್ಳಿದ. ಮೂವತ್ತು ವರ್ಷ ಅದರ ಮುಂದೆ ಹಾದುಹೋಗಿದ್ದ, ಒಳಗೆ ಕಾಲಿಟ್ಟಿದ್ದು ಅಂದೇ. ಒಬ್ಬ ಮುದುಕ ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದ.

"ನನ್ನ ಹಂಸಗಳಿಗೆ ಏನು ಮಾಡಿದಿರಿ?" ಎಂದು ನಕ್ಷೆಗಾರ ಕೇಳಿದ.

"ಏನೂ ಮಾಡಲಿಲ್ಲ, ಯಜಮಾನರೇ" ಎಂದ ಮುದುಕ. "ಇದೊಂದಕ್ಕೇ ಏನೂ ಮಾಡಲಿಲ್ಲ."

ಮುದುಕ ಎದ್ದು ಜಾಗ ಬಿಟ್ಟ. ನಕ್ಷೆಗಾರನನ್ನು ಕೈಹಿಡಿದು ಕೂರಿಸಿದ. ಲಾಳಿಯನ್ನು ಅವನ ಕೈಗೆ ಕೊಟ್ಟ. ಅವನು ಲಾಳಿ ಎಸೆದ, ಅದು ನೆಲಕ್ಕೆ ಬಿತ್ತು. ಮತ್ತೆ ಎಸೆದ, ಎಳೆ ಹರಿಯಿತು. ಮುದುಕ ಗಂಟು ಹಾಕಿಕೊಟ್ಟ. ಬೆವರು ಸುರಿಸಿಕೊಂಡು ಹೇಗೋ ಹತ್ತು ಸಾಲು ನೇಯ್ದು ಬಡಿದ. ಮುದುಕ ಹಂಸದ ಕಾಗದವನ್ನು ತಂದು ಬಟ್ಟೆಯ ಪಕ್ಕದಲ್ಲಿ ಹಿಡಿದ. ಕಾಗದದ ಹತ್ತು ಚೌಕಗಳ ಎತ್ತರದಲ್ಲಿ ಬಟ್ಟೆಯ ಹತ್ತು ಸಾಲು ಅರ್ಧಕ್ಕೇ ನಿಂತಿತ್ತು. ಅಳತೆಗೋಲು ಬೇಕಿರಲಿಲ್ಲ.

"ನಿಮ್ಮ ಚೌಕ ನಾಲ್ಕು ಕಡೆಗೂ ಸಮ, ನಮ್ಮ ಅಡ್ಡ ಎಳೆಯ ರೇಷ್ಮೆ ಸಣ್ಣದು. ಬಡಿದರೆ ಇನ್ನೂ ಕೂತುಕೊಳ್ಳುತ್ತದೆ" ಎಂದ ಮುದುಕ. "ಅದಕ್ಕೆ ನಿಮ್ಮ ಒಂದೊಂದು ಸಾಲನ್ನೂ ನಾವು ಎರಡೆರಡು ಸಲ ನೇಯುತ್ತೇವೆ. ಗಿಳಿಗೂ ಹಾಗೇ, ನವಿಲಿಗೂ ಹಾಗೇ. ಮೊದಲ ದಿನದಿಂದಲೂ ಹಾಗೇ."

"ಮೂವತ್ತು ವರ್ಷ ಯಾಕೆ ಹೇಳಲಿಲ್ಲ?"

"ಬುಟ್ಟಿ ಇಳಿಯುವಾಗ ಅದರಲ್ಲಿ ಕಾಗದ ಇರುತ್ತಿತ್ತು. ಹತ್ತುವಾಗ ಅದರಲ್ಲಿ ಏನಾದರೂ ಇಡಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ." ಮುದುಕನಿಗೂ ಸಂಕಟವಾಗಿತ್ತು. ಅವನು ತಲೆ ತಗ್ಗಿಸಿದ. "ಬೇರೆ ಯಾರ ಮಗಳ ಸೀರೆಯಾಗಿದ್ದರೂ ತಿದ್ದಿಬಿಡುತ್ತಿದ್ದೆವು. ಇದಕ್ಕೆ ಮಗ್ಗ ನಿಲ್ಲಿಸಿ ಮಾತಾಡಿಕೊಂಡೆವು. ನಿಮ್ಮ ಸ್ವಂತ ಮಗಳು, ಒಂದು ಸಾಲೂ ಮುಟ್ಟಬೇಡಿ ಎಂದು ಬರೆದಿದ್ದೀರಿ. ನಿಮಗೆ ಹಂಸ ಹಾಗೇ ಬೇಕಿರಬೇಕು ಎಂದುಕೊಂಡೆವು."

ನಕ್ಷೆಗಾರನ ಸಿಟ್ಟು ಎಲ್ಲಿ ಹೋಯಿತೋ. ಮೇಲೆ ಕಿಂಡಿ ಕಾಣುತ್ತಿತ್ತು. ಅಲ್ಲಿಂದ ಒಂದು ತುಂಡು ಬೆಳಕು ಬಿದ್ದು ಮಗ್ಗದ ಮೇಲೆ ಮಲಗಿತ್ತು. ಬೀದಿಯಲ್ಲಿ ನೋಡಿ ನೋಡಿ ಸಂತೋಷಪಟ್ಟ ಗಿಳಿಗಳೆಷ್ಟು, ನವಿಲುಗಳೆಷ್ಟು. ಅವುಗಳಲ್ಲಿ ಅರ್ಧ ಸಾಲು ಅವನವು, ಅರ್ಧ ಸಾಲು ಈ ಮುದುಕನವು. ತಾನು ಪೂರ್ತಿ ತಾನೇ ಮಾಡಿದ್ದು ಇದೊಂದೇ, ಮಗಳು ಎದೆಗೆ ಅವುಚಿಕೊಂಡು ಮುಚ್ಚಿಟ್ಟ ಸೆರಗು. ಅವನು ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತ.

ಕಮತಗಿ ಸರ್ ಕತೆ ಮುಗಿಸಿದರು. ಲ್ಯಾಬಿನ ಗುಂಯ್‌ಗುಡುವಿಕೆ ಹಾಗೇ ಇತ್ತು. ನೀಲಗಂಗಾಳಿಗೆ ತಾನು ಎಲ್ಲಿ ಕೂತಿದ್ದೇನೆ ಎಂಬುದು ಒಂದು ಕ್ಷಣ ತಿಳಿಯಲಿಲ್ಲ. ಆ ಮದುಮಗಳು ಅವಳ ಕಣ್ಣ ಮುಂದಿನಿಂದ ಕದಲುತ್ತಿರಲಿಲ್ಲ.

"ಮಗಳಿಗೆ ಅವನು ಇನ್ನೊಂದು ಸೀರೆ ಮಾಡಿಕೊಡಲಿಲ್ಲವೇ, ಸರ್?"

"ಕೊಟ್ಟ. ತಾನೇ ಕಲಿತು ನೇಯ್ದು ಕೊಟ್ಟ. ಎರಡು ವರ್ಷ ಹಿಡಿಯಿತು. ಹಂಸಗಳು ಹಂಸದಂತೆಯೇ ಬಂದಿದ್ದವು. ಅವಳು ಅದನ್ನು ಹಬ್ಬಕ್ಕೆ ಉಟ್ಟಳು. ಮದುವೆ ಆಗಿಹೋಗಿತ್ತಲ್ಲ."

ಆದರೂ ನೀಲಗಂಗಾ ಪತ್ರವನ್ನು ಮೇಜಿನ ಮೇಲೆ ಅವರ ಕಡೆಗೆ ಸರಿಸಿದಳು. ಲೇಖನದ ಗಡುವು ಹತ್ತಿರ ಬಂದಿತ್ತು, ಕತೆ ಕೇಳಿದ ಮಾತ್ರಕ್ಕೆ ಅದು ಮುಂದೆ ಹೋಗುವುದಿಲ್ಲ.

"ಆದರೆ ಸರ್, ಅವನ ಲೆಕ್ಕ ತಪ್ಪಿತ್ತು. ನನ್ನದು ಹಾಗಲ್ಲ. ಆಸ್ಪತ್ರೆಯವರು ಬಳಸಲು ಶುರು ಮಾಡಿ ಆರು ತಿಂಗಳಾಯಿತು. ಯಾರೂ ಒಂದು ದೂರೂ ಹೇಳಿಲ್ಲ."

ಸರ್ ಕಣ್ಣು ತೆರೆದರು. ಜೇಬಿನಿಂದ ಪೆನ್ನು ತೆಗೆದು, ಸಹಿ ಮಾಡುವ ಜಾಗದಲ್ಲಿ ಮೊನೆಯನ್ನು ಇಟ್ಟು, ಅವಳ ಮುಖ ನೋಡಿದರು.

"ಆ ಕೌಂಟರಿನಲ್ಲಿ ಆರು ತಿಂಗಳಿಂದ ನಿನ್ನ ತಪ್ಪುಗಳನ್ನು ತಿದ್ದಿಕೊಂಡು ಬರುತ್ತಿರುವವರ ಹೆಸರೇನು, ತಂಗೀ?"