ಕೆಂಚವ್ವ ಕದ್ದ ಕಂಬಳಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಕಾಲದಲ್ಲಿ, ಬಯಲುಸೀಮೇಲಿ ಒಂದು ಕುರುಬರ ಹಟ್ಟಿ ಇತ್ತಂತೆ. ಕಾಲು ಆಡಿಸಬೇಡ, ದುಪ್ಪಟಿ ಹೊದ್ಕೋ. ಆ ಹಟ್ಟಿಗೆ ಹಾಲವ್ವ ಅಂತ ಒಬ್ಬ ಮುದುಕಿ ಯಜಮಾನಿ, ಅವಳಿಗೆ ಮೂರು ಜನ ಸೊಸೆಯರು. ದೊಡ್ಡೋಳು ಕೆಂಚವ್ವ, ನಡುವಿನೋಳು ನಿಂಗವ್ವ, ಕಿರಿಯೋಳು ಜುಂಜವ್ವ. ಹಾಲವ್ವನ ಕೈಯಲ್ಲಿ ಒಂದು ಕೋಲು, ಅದನ್ನ ಹಿಡಿದೋರ ಮಾತೇ ಹಟ್ಟೀಲಿ ನಡೆಯೋದಂತೆ. ಕೆಂಚವ್ವ ಮದುವೆಯಾಗಿ ಬಂದಾಗಿಂದ ಆ ಕೋಲಿನ ಮೇಲೇ ಕಣ್ಣಿಟ್ಟಿದ್ದಳಂತೆ.

ಹಿಂಗಿರುವಾಗ ಹಟ್ಟಿ ನಾಯಿ ಮೂರು ಮರಿ ಹಾಕಿತಂತೆ. ಹಾಲವ್ವ ಸೊಸೆಯರಿಗೆ ಒಂದೊಂದು ಮರಿ ಕೊಟ್ಟು, ನೋಡ್ರವ್ವಾ, ಉಣ್ಣೆ ಕತ್ತರಿಸೋ ಹೊತ್ತಿಗೆ ಯಾರು ಕರೆದರೆ ನಾಯಿ ಬಾಯಲ್ಲಿರೋ ಮೂಳೆ ಬಿಟ್ಟು ಬರುತ್ತೋ ಅವರಿಗೆ ನನ್ನ ಕೋಲು, ನಾಯೀನೇ ಕೇಳದ ಮಾತು ಕುರಿ ಕೇಳುತ್ತಾ ಅಂದಳಂತೆ.

ನಿಂಗವ್ವ ಮರೀನ ಮಡಿಲಲ್ಲೇ ಇಟ್ಕೊಂಡು ತಿನ್ನಿಸಿ ತಿನ್ನಿಸಿ ಗುಡಾಣ ಮಾಡಿದಳಂತೆ, ಅವಳ ಕತೆ ಅಲ್ಲಿಗೆ ಬಿಡು. ಕೆಂಚವ್ವನಿಗೆ ಅವಸರ. ಬಾ ಅಂದರೆ ಬರಬೇಕು, ಬರದಿದ್ದರೆ ಒಂದು ಏಟು, ಬಂದರೂ ಇಷ್ಟೊತ್ತು ಎಲ್ಲಿ ಸತ್ತಿದ್ದೆ ಅಂತ ಇನ್ನೊಂದು ಏಟು. ಅದಕ್ಕೊಂದು ಹೆಸರೂ ಇಡಲಿಲ್ಲ, ಏಯ್ ಅಂತಲೇ ಕರೆಯೋಳಂತೆ. ಜುಂಜವ್ವ ತನ್ನ ಮರಿಗೆ ಮಿಂಚ ಅಂತ ಹೆಸರಿಟ್ಟು, ಮುದ್ದೆ ಮುರಿಯುವಾಗ ಮೊದಲ ತುತ್ತು ಅಂಗೈಲಿಟ್ಟು ಕಾಯೋಳಂತೆ. ಬಂದರೆ ಬಂತು, ಬರದಿದ್ದರೆ ನಾಳೆ. ನೀರಿಗೆ ಹೋದರೂ ಅದರ ಜೊತೆ ಮಾತು, ಸಗಣಿ ಬಾಚಿದರೂ ಮಾತು. ಅದು ಕುರಿ ಬೆನ್ನು ಹತ್ತಿ ಓಡಿದರೆ ಸುಮ್ಮನೆ ನಿಂತುಬಿಡೋಳು, ಆಮೇಲೆ ಅದೇ ತಿರುಗಿ ಬಂದು ಅವಳ ಕಾಲು ಮೂಸೋದಂತೆ.

ಇದನ್ನ ನೋಡಿ ನೋಡಿ ಕೆಂಚವ್ವನ ಹೊಟ್ಟೇಲಿ ಬೆಂಕಿ ಬಿತ್ತಂತೆ. ಮೊನ್ನೆ ತಂಗಿಗೆ ದೊಡ್ಡ ಹೋಳಿಗೆ ಸಿಕ್ತು ಅಂತ ನೀನು ನಿನ್ನ ಎಲೆ ಬಿಟ್ಟು ಎದ್ದೆಯಲ್ಲ, ಹಂಗೆ. ನನ್ನ ನಾಯಿ ಬರದಿದ್ದರೆ ಹಾಳಾಗಲಿ, ಅವಳ ನಾಯಿ ಅವಳ ಹತ್ತಿರ ಹೋಗಬಾರದು ಅಂದ್ಕೊಂಡಳಂತೆ.

ಮೊದಲು ಮಿಂಚನಿಗೆ ಕದ್ದು ಮುಚ್ಚಿ ತುಪ್ಪದನ್ನ ಇಟ್ಟಳಂತೆ. ಅದು ತಿಂದು, ಬೋಗುಣಿ ನೆಕ್ಕಿ, ಸೀದಾ ಜುಂಜವ್ವನ ಹತ್ತಿರ ಓಡಿತಂತೆ. ಆಮೇಲೆ ಅದನ್ನ ಕುರಿ ರೊಪ್ಪದ ಹಿಂದೆ ಕಟ್ಟಿ, ನನ್ನನ್ನೇ ನೋಡು ಅಂತ ಎದುರಿಗೆ ಕೂತಳಂತೆ. ಅದು ನೀರೂ ಮುಟ್ಟದೆ ಜುಂಜವ್ವ ಹೋದ ದಾರೀನೇ ನೋಡ್ತಿತ್ತಂತೆ, ಅತ್ತೆ ಬರೋ ಸದ್ದಾಯ್ತು, ಬಿಚ್ಚಿಬಿಟ್ಟಳು. ಮೂರನೇದು ಹಟ್ಟಿಯೋರಿಗೆ ಮಾತ್ರ ಹೊಳೆಯೋ ಉಪಾಯ. ಕಂಬಳಿ ಯಾರದೋ ನಾಯಿ ಅವರದು ಅಂತ ಅಲ್ಲಿ ಒಂದು ಮಾತಿತ್ತು. ಮರಿ ಯಾರ ಕಂಬಳಿ ಮೇಲೆ ಮಲಗಿ ಬೆಳೆಯುತ್ತೋ ಆ ವಾಸನೆ ಹಿಂದೇನೇ ಹೋಗುತ್ತೆ ಅಂತ. ಸರಿ, ಉಣ್ಣೆ ಕತ್ತರಿಸೋ ದಿನ ಜುಂಜವ್ವನ ಕಂಬಳಿ ಕದ್ದು ಹೊದ್ದುಕೊಂಡು ಬಯಲಿಗೆ ಬಂದಳಂತೆ. ಕರಿ ಕಂಬಳಿ ಎಲ್ಲಾ ಒಂದೇ, ಯಾರಿಗೆ ಗೊತ್ತಾಗುತ್ತೆ.

ಹಾಲವ್ವ ಮೂರೂ ನಾಯಿಗೆ ಮೂಳೆ ಹಾಕಿದಳಂತೆ. ನಿಂಗವ್ವನ ಗುಡಾಣ ತಲೇನೂ ಎತ್ತಲಿಲ್ಲ. ಆಮೇಲೆ ಕೆಂಚವ್ವ ತನ್ನ ನಾಯೀನ ಬಿಟ್ಟು, ಮಿಂಚಾ ಬಾರೋ ಅಂದಳಂತೆ. ಮಿಂಚ ಮೂಳೆ ಬಿಟ್ಟು ಬಂತು, ಕಂಬಳಿ ಮೂಸಿತು, ತಲೆ ಎತ್ತಿ ಅವಳ ಮುಖ ನೋಡಿತು. ನೋಡಿ, ಕಂಬಳಿ ಸೆರಗು ಕಚ್ಚಿ ಎಳ್ಕೊಂಡು ಹೋಗಿ ಜುಂಜವ್ವನ ಕಾಲ ಹತ್ತಿರ ಹಾಕಿ ಅಲ್ಲೇ ಮಲಗಿತಂತೆ. ಹಟ್ಟಿಯೋರೆಲ್ಲ ನಕ್ಕರಂತೆ. ಅಷ್ಟರಲ್ಲಿ ಕೆಂಚವ್ವನ ನಾಯಿ ಏಯ್ ಕೂಡ ಅವಳ ದನಿ ಕೇಳಿ ತನ್ನ ಮೂಳೆ ಬಿಟ್ಟು, ಹೊಟ್ಟೆ ನೆಲಕ್ಕೆ ಸವರ್ಕೊಂಡು ಅವಳ ಹತ್ತಿರ ಬರ್ತಿತ್ತು ಕಣೋ. ಅವಳು ನಾಚಿಕೆಗೆ ಮುಖ ಮುಚ್ಕೊಳ್ಳೋಕೆ ಕೈ ಎತ್ತಿದಳು. ಅದು ಏಟು ಬಿತ್ತು ಅಂದ್ಕೊಂಡು, ನಿಂತಲ್ಲೇ ಉಚ್ಚೆ ಹುಯ್ದು ಹಟ್ಟಿ ಗೋಡೆ ಹಿಂದಕ್ಕೆ ಓಡಿತಂತೆ.

ಕೋಲು ಜುಂಜವ್ವನಿಗೇ ಹೋಯ್ತು. ಕೆಂಚವ್ವ ಅವಳನ್ನ ತಡೆದು, ಏನು ಮದ್ದು ಹಾಕಿದೀಯೇ ಆ ನಾಯಿಗೆ, ನನ್ನ ಹೊಟ್ಟೆ ಉರೀತಿದೆ, ಹೇಳು ಅಂದಳಂತೆ. ಜುಂಜವ್ವ, ಮದ್ದೇನು ಬಂತಕ್ಕಾ, ನಾನು ಉಣ್ಣುವಾಗ ಅದು ಉಂಡಿತು, ನಾನು ನಡೆಯುವಾಗ ಅದು ನಡೀತು, ನಿಂದೂ ಇವತ್ತು ಮೂಳೆ ಬಿಟ್ಟು ಬಂದಿತ್ತಲ್ಲ, ನೀನು ನೋಡಲಿಲ್ವಾ ಅಂದಳಂತೆ.

ಆಮೇಲೆ ಕೆಂಚವ್ವ ಮೊದಲ ತುತ್ತು ಮುರಿದು, ಗೋಡೆ ಹತ್ತಿರ ಇಟ್ಟು, ಬೆನ್ನು ತಿರುಗಿಸಿ ಕೂತಳಂತೆ. ಇರುವೆ ತಿಂತು. ಮಾರನೇ ದಿನ ಕಾಗೆ ತಗೊಂಡು ಹೋಯ್ತು. ಎದುರಿಗೇ ಮಿಂಚ ಬಾಲ ಆಡಿಸ್ಕೊಂಡು ಹೋದರೆ ಹೊಟ್ಟೆ ಮತ್ತೆ ಚುರ್ ಅನ್ನೋದು, ಹಲ್ಲು ಕಚ್ಚಿ ಕೂರೋಳಂತೆ. ಹಿಂಗೇ ಉಣ್ಣೆ ಮತ್ತೆ ಬೆಳೀತು. ಒಂದಿನ ಮೊಣಕೈಗೆ ತಣ್ಣಗೆ ಒಂದು ಮೂಗು ತಾಕಿತಂತೆ. ಎಸರು ಉಕ್ಕಿ ಒಲೆ ಆರಿದರೂ ಕೆಂಚವ್ವ ಅಲ್ಲಾಡಲಿಲ್ಲ. ತನ್ನ ಹೆಸರನ್ನೇ ಮುರಿದು ಅದಕ್ಕೆ ಕೆಂಚ ಅಂತ ಇಟ್ಟಳಂತೆ.

ಅದೇ ಹೊತ್ತಿಗೆ ಬಸುರಿ ಜುಂಜವ್ವ ತವರಿಗೆ ಹೊರಟು, ಅಕ್ಕಾ, ನಾನು ಬರೋವರೆಗೂ ಈ ಕೋಲು ನೀನೇ ಹಿಡ್ಕೋ ಅಂತ ಬಂದಳಂತೆ. ಕೆಂಚವ್ವ ತೊಡೆ ಮೇಲೆ ಮಲಗಿದ್ದ ಕೆಂಚನ ತಲೆ ಕೆಳಗಿಂದ ಕೈ ತೆಗೀಲಿಲ್ಲವಂತೆ. ಅತ್ತೆಗೇ ಕೊಟ್ಟು ಹೋಗೇ, ಈಗ ನನ್ನ ಕೈಗೆ ಬಿಡುವಿಲ್ಲ ಅಂದಳಂತೆ.

ಅಲ್ಲಿಗೆ ಅವಳ ಹೊಟ್ಟೆ ತಣ್ಣಗಾಯ್ತು, ನನ್ನ ಬಾಯಿ ಒಣಗಿತು, ನಿನ್ನ ಕಣ್ಣು ಮುಚ್ಚಿತು, ಕತೆ ಮುಗೀತು.